ಚೀಲದ ಸುಣ್ಣಕ್ಕೆ ಜೀವ ಎಷ್ಟಿದೆ? ನಮ್ಮ ಮೆದು ನೀರಿಗೆ ಲೆಕ್ಕದ ಸುಣ್ಣ

ಮಳೆ ಹಿಡಿದ ಮೇಲೆ ಗಂಗಾವಳಿಯಾಗಲಿ, ಅಘನಾಶಿನಿಯಾಗಲಿ, ಕಾಳಿಯಾಗಲಿ, ಘಟ್ಟ ಇಳಿದು ಬರುವ ಯಾವ ಹೊಳೆಯ ನೀರು ಎತ್ತಿದರೂ ಕೆಂಪು ರಾಡಿ. ನೀರು ಶುದ್ಧೀಕರಣ ಘಟಕದಲ್ಲಿ ಆಲಂ (ರಾಡಿ ಕೂರಿಸುವ ಅಲ್ಯೂಮಿನಿಯಂ ಲವಣ, ಪಟಿಕ) ಏರಿಸುತ್ತಾರೆ. ಒಂದೆರಡು ದಿನ ನೀರು ತಿಳಿಯಾಗುತ್ತದೆ. ಆಮೇಲೆ ಆಲಂ ಇನ್ನೂ ಏರಿಸಿದರೂ ರಾಡಿ ಕೆಳಗೆ ಕೂರುವುದಿಲ್ಲ. ಆಗ ಯಾರಾದರೊಬ್ಬರು "ಸ್ವಲ್ಪ ಸುಣ್ಣ ಹಾಕಿ" ಅನ್ನುತ್ತಾರೆ. ಸಲಹೆ ಸರಿಯೇ. ಆದರೆ ಆ "ಸ್ವಲ್ಪ" ಎಷ್ಟು, ಹಾಕುವ ಸುಣ್ಣದಲ್ಲಿ ಜೀವ ಎಷ್ಟು ಉಳಿದಿದೆ, ಎಲ್ಲಿ ಹಾಕಬೇಕು, ಈ ಮೂರು ಗೊತ್ತಿಲ್ಲದೆ ಬುಟ್ಟಿಗಟ್ಟಲೆ ಸುರಿದರೆ ಆಲಮ್ಮೂ ದಂಡ, ಸುಣ್ಣವೂ ದಂಡ.

ನಮ್ಮ ಕಡೆಯ ನೀರಿನ ಸ್ವಭಾವ ಮೊದಲು ತಿಳಿಯಬೇಕು. ಘಟ್ಟದ ಗಟ್ಟಿ ಕಲ್ಲು, ಅದರ ಮೇಲಿನ ಚಿರೆಕಲ್ಲು, ಕೆಮ್ಮಣ್ಣು, ಇವುಗಳಲ್ಲಿ ಸುಣ್ಣದಂಶ ಬಹಳ ಕಡಿಮೆ. ಸಾವಿರಾರು ವರ್ಷ ಸುರಿದ ಮಳೆ ಇದ್ದದ್ದನ್ನೂ ತೊಳೆದುಕೊಂಡು ಹೋಗಿದೆ. ಹಾಗಾಗಿ ಹೊಳೆ ನೀರು ಮೆದು, ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ಪಾತ್ರೆಗೆ ಕರೆ ಕಟ್ಟುವುದಿಲ್ಲ. ಬಯಲುಸೀಮೆಯವರು ಅಸೂಯೆಪಡುವ ನೀರು. ಆದರೆ ಇದೇ ನೀರಿಗೆ ಆಮ್ಲ ಬಿದ್ದರೆ ತಡೆದುಕೊಳ್ಳುವ ಶಕ್ತಿ ಇಲ್ಲ. ಆ ತಡೆಯುವ ಶಕ್ತಿಗೆ ಕ್ಷಾರೀಯತೆ ಅನ್ನುತ್ತಾರೆ, ಅಳೆಯುವುದು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂದು ತೋರಿಸುವ ಅಂಕಿ, 7 ನಡು, ಅದಕ್ಕಿಂತ ಕೆಳಗೆ ಹುಳಿ) ಬೇರೆ, ಕ್ಷಾರೀಯತೆ ಬೇರೆ. ಪಿಎಚ್ 7 ತೋರಿಸುವ ಎರಡು ನೀರಿನಲ್ಲಿ ಒಂದರ ಕ್ಷಾರೀಯತೆ 15 ಇರಬಹುದು, ಇನ್ನೊಂದರದ್ದು 250 ಇರಬಹುದು. ಆಲಂ ಹಾಕಿದಾಗ ಮೊದಲನೆಯದು ಕುಸಿಯುತ್ತದೆ, ಎರಡನೆಯದು ಅಲುಗುವುದೂ ಇಲ್ಲ.

ಆಲಂ ನೀರಿನಲ್ಲಿ ಆಮ್ಲದ ಹಾಗೆ ವರ್ತಿಸುತ್ತದೆ. 1 ಮಿ.ಗ್ರಾಂ ಆಲಂ ಸುಮಾರು ಅರ್ಧ ಮಿ.ಗ್ರಾಂ ಕ್ಷಾರೀಯತೆಯನ್ನು ತಿನ್ನುತ್ತದೆ. ರಾಡಿಯ ಕಣಗಳು ಅಂಟಿಕೊಂಡು ಹಿಂಜಿದ ಹತ್ತಿಯಂಥ ಫ್ಲಾಕ್ ಕಟ್ಟಬೇಕಾದರೆ ಪಿಎಚ್ ಸುಮಾರು 6ರಿಂದ 7.5ರ ನಡುವೆ ಇರಬೇಕು. ಕ್ಷಾರೀಯತೆ ಮುಗಿದು ಪಿಎಚ್ 5ರ ಕಡೆ ಜಾರಿದರೆ ಅಲ್ಯೂಮಿನಿಯಂ ಗಟ್ಟಿಯಾಗದೆ ಕರಗಿದ ರೂಪದಲ್ಲೇ ಉಳಿಯುತ್ತದೆ, ಮರಳಿನ ಫಿಲ್ಟರ್ ದಾಟಿ ಹೋಗುತ್ತದೆ, ಮುಂದೆ ಪಿಎಚ್ ಏರಿದ ಜಾಗದಲ್ಲಿ, ಅಂದರೆ ಮೇಲ್ತೊಟ್ಟಿಯಲ್ಲೋ ಮನೆಯ ಟಾಕಿಯಲ್ಲೋ, ಬಿಳಿ ಕೆಸರಾಗಿ ಕೂರುತ್ತದೆ. ಇಂಥ ಹೊತ್ತಿನಲ್ಲಿ ಆಲಂ ಏರಿಸುವುದೆಂದರೆ ಬೆಂಕಿಗೆ ತುಪ್ಪ ಹೊಯ್ದ ಹಾಗೆ.

ಲೆಕ್ಕ ಹೀಗೆ. ಹೊಳೆ ನೀರಿನ ಕ್ಷಾರೀಯತೆ 20, ಹಾಕಬೇಕಾದ ಆಲಂ ಲೀಟರಿಗೆ 50 ಮಿ.ಗ್ರಾಂ ಎಂದುಕೊಳ್ಳಿ. ಆಲಂ ತಿನ್ನುವುದು 25. ಕೆಲಸ ಮುಗಿದ ಮೇಲೂ 20 ಉಳಿಯಲಿ ಎಂದರೆ ಒಟ್ಟು 45 ಬೇಕು. ನೀರಿನಲ್ಲಿ ಇರುವುದು 20. ಕೊರತೆ 25. ಶುದ್ಧ ಅರಳಿದ ಸುಣ್ಣ (ಸುಟ್ಟ ಸುಣ್ಣಕ್ಕೆ ನೀರು ಸೇರಿ ಪುಡಿಯಾದದ್ದು) 0.74 ಮಿ.ಗ್ರಾಂ ಹಾಕಿದರೆ 1 ಮಿ.ಗ್ರಾಂ ಕ್ಷಾರೀಯತೆ ಬರುತ್ತದೆ. ಹಾಗಾದರೆ ಲೀಟರಿಗೆ 18.5 ಮಿ.ಗ್ರಾಂ ಶುದ್ಧ ಸುಣ್ಣ. ನಿಮ್ಮ ಚೀಲದ ಸುಣ್ಣದಲ್ಲಿ ನಿಜವಾದ ಸುಣ್ಣ 85 ಪ್ರತಿಶತ ಇದ್ದರೆ 18.5ನ್ನು 0.85ರಿಂದ ಭಾಗಿಸಿ, ಸುಮಾರು 22. ಒಂದು ಲಕ್ಷ ಲೀಟರ್ ನೀರಿಗೆ 2.2 ಕಿಲೋ. 5 ಪ್ರತಿಶತದ ಸುಣ್ಣದ ಹಾಲು (ಪುಡಿ ಕದಡಿದ ಬಿಳಿ ನೀರು) ಮಾಡಿಟ್ಟರೆ 44 ಲೀಟರ್ ಬಿಡಬೇಕು. ಇಷ್ಟೇ ಗಣಿತ. ಮಳೆಗಾಲದಲ್ಲಿ ಇದನ್ನು ದಿನಕ್ಕೊಮ್ಮೆಯಾದರೂ ಮಾಡಬೇಕು, ಯಾಕೆಂದರೆ ರಾತ್ರಿ ಘಟ್ಟದಲ್ಲಿ ಸುರಿದ ಮಳೆ ಬೆಳಿಗ್ಗೆಯ ಹೊಳೆಯನ್ನೇ ಬದಲಿಸಿರುತ್ತದೆ.

ಕ್ಷಾರೀಯತೆ ಅಳೆಯುವುದು ಚಹಾ ಮಾಡುವಷ್ಟೇ ಸುಲಭ. 100 ಮಿ.ಲೀ ನೀರು, ಎರಡು ಹನಿ ಮೀಥೈಲ್ ಆರೆಂಜ್, ಬ್ಯೂರೆಟ್ಟಿನಲ್ಲಿ (ಅಳತೆ ಗೆರೆಯ, ತಳದಲ್ಲಿ ನಲ್ಲಿಯ ಗಾಜಿನ ಕೊಳವೆ) 0.02 ನಾರ್ಮಲ್ ಬಲದ ಸಲ್ಫ್ಯೂರಿಕ್ ಆಮ್ಲ. ಹಳದಿ ಬಣ್ಣ ಕಿತ್ತಳೆಗೆ ತಿರುಗುವ ತನಕ ಹನಿ ಬಿಡಿ. ಖರ್ಚಾದ ಪ್ರತಿ ಮಿ.ಲೀಗೆ ಕ್ಷಾರೀಯತೆ 10. ನಮ್ಮ ಹೊಳೆ ನೀರಿಗೆ ಎರಡು ಮೂರು ಮಿ.ಲೀಯಲ್ಲೇ ಬಣ್ಣ ತಿರುಗಿದರೆ ಆಶ್ಚರ್ಯ ಬೇಡ. ಪಿಎಚ್‌ಗೆ ಕಾಗದದ ಪಟ್ಟಿಯನ್ನು ನಂಬಬೇಡಿ. ಇಷ್ಟು ಮೆದು ನೀರಿನಲ್ಲಿ ಪಟ್ಟಿಯ ಬಣ್ಣವೇ ನೀರಿನ ಪಿಎಚ್ ಬದಲಿಸಿಬಿಡುತ್ತದೆ. ಮೀಟರ್ ಬಳಸಿದರೂ 4 ಮತ್ತು 7ರ ಬಫರಿನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಸರಿಮಾಡಿಕೊಂಡು, ಅಂಕಿ ನಿಲ್ಲುವ ತನಕ ಒಂದೆರಡು ನಿಮಿಷ ಕಾಯಬೇಕು.

ಲೆಕ್ಕದ ಮೇಲೆ ಜಾರ್ ಪರೀಕ್ಷೆ ಮಾಡಿಯೇ ಅಂತಿಮ ಪ್ರಮಾಣ ಗೊತ್ತುಮಾಡಿ. ಒಂದೊಂದು ಲೀಟರಿನ ಆರು ಪಾತ್ರೆ, ಆಲಂ ಎಲ್ಲದಕ್ಕೂ ಒಂದೇ, ಸುಣ್ಣ ಮಾತ್ರ ಏರುತ್ತ ಹೋಗಲಿ. ಒಂದು ನಿಮಿಷ ಜೋರಾಗಿ ತಿರುಗಿಸಿ, 15ರಿಂದ 20 ನಿಮಿಷ ನಿಧಾನಕ್ಕೆ, ಆಮೇಲೆ ಅರ್ಧ ಗಂಟೆ ಅಲುಗಿಸದೆ ಬಿಡಿ. ಯಾವ ಪಾತ್ರೆಯ ಮೇಲಿನ ನೀರು ತಿಳಿಯಾಗಿದೆಯೋ ಅದರ ಪಿಎಚ್ ಬರೆದಿಟ್ಟುಕೊಳ್ಳಿ. ಮುಂದಿನ ದಿನಗಳಲ್ಲಿ ಆ ಪಿಎಚ್ ನಿಮ್ಮ ಗುರಿ.

ಈಗ ಚೀಲದ ಒಳಗಿನ ವಸ್ತುವಿಗೆ ಬರೋಣ. ಸುಣ್ಣದ ಕಲ್ಲನ್ನೋ ಹೊಳೆ ಬಾಯಿಯ ಚಿಪ್ಪನ್ನೋ ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ 100 ಕಿಲೋ ಶುದ್ಧ ಕಲ್ಲಿನಿಂದ 44 ಕಿಲೋ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ 18 ಕಿಲೋ ನೀರು ಸೇರಿದರೆ 74 ಕಿಲೋ ಅರಳಿದ ಸುಣ್ಣ. ಕವಳದ (ಎಲೆಅಡಿಕೆಯ) ಬಟ್ಟಲಿನಲ್ಲಿ ಬೆರಳ ತುದಿಗೆ ಹಚ್ಚಿಕೊಳ್ಳುವುದು, ಗೋಡೆಗೆ ಬಳಿಯುವುದು, ನೀರು ಘಟಕದ ಚೀಲದಲ್ಲಿರುವುದು, ಮೂಲದಲ್ಲಿ ಎಲ್ಲ ಇದೇ. ಸುಡುವಾಗ ಕಡಿಮೆ ಬೆಂದರೆ ನಡುವೆ ಕಲ್ಲು ಹಾಗೇ ಉಳಿಯುತ್ತದೆ, ಹೆಚ್ಚು ಬೆಂದರೆ ಅರಳಲು ಮೊಂಡು ಹಿಡಿಯುತ್ತದೆ. ತೊಟ್ಟಿಯ ತಳದಲ್ಲಿ ಗರಸು ಜಾಸ್ತಿ ಸಿಕ್ಕರೆ ಇವೆರಡರಲ್ಲಿ ಒಂದು. ರಾಸಾಯನಿಕ ಕೆಲಸದ ಸುಣ್ಣಕ್ಕೆ ಭಾರತೀಯ ಮಾನಕ ಐಎಸ್ 1540 ಇದೆ. ಕೊಳ್ಳುವಾಗ ಅದನ್ನು ಕೇಳಿ, ಗೋಡೆ ಬಳಿಯುವ ಸುಣ್ಣ ತಂದು ಕುಡಿಯುವ ನೀರಿಗೆ ಹಾಕಬೇಡಿ.

ಸುಣ್ಣದ ಎರಡು ಗುಣ ತಿಳಿದರೆ ಅರ್ಧ ತೊಂದರೆ ತಾನಾಗಿ ಬಗೆಹರಿಯುತ್ತದೆ. ಒಂದು, ಅದು ನೀರಿನಲ್ಲಿ ಹೆಚ್ಚು ಕರಗುವುದಿಲ್ಲ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 1.7 ಗ್ರಾಂ, 30 ಡಿಗ್ರಿಯಲ್ಲಿ 1.5 ಗ್ರಾಂ. ಸಕ್ಕರೆ ಉಪ್ಪಿನ ಹಾಗಲ್ಲ, ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಅದಕ್ಕೇ "ಬಿಸಿನೀರಿನಲ್ಲಿ ಕದಡಿದರೆ ಬೇಗ ಕರಗುತ್ತದೆ" ಅನ್ನುವ ಮಾತು ಸುಣ್ಣಕ್ಕೆ ಸಲ್ಲುವುದಿಲ್ಲ. ಎರಡು, ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಗಾಜಿನ ಲೋಟದಲ್ಲಿ ಸುಣ್ಣದ ತಿಳಿನೀರು ಇಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಮೇಲೆ ಹಾಲಿನ ಕೆನೆಗಿಂತ ತೆಳ್ಳಗಿನ ಪದರ ಕಟ್ಟುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಿನುಗುತ್ತದೆ. ಕಡ್ಡಿ ತಾಗಿಸಿದರೆ ಕೆನೆಯಂತೆ ಸುಕ್ಕುಗಟ್ಟುವುದಿಲ್ಲ, ಗಾಜಿನಂತೆ ಚೂರಾಗಿ ಮುಳುಗುತ್ತದೆ. ಆ ಚೂರು ಸುಣ್ಣವಲ್ಲ, ಸುಣ್ಣದ ಕಲ್ಲು. ನಿಮ್ಮ ಚೀಲದಲ್ಲೂ ಮಳೆಗಾಲ ಪೂರ್ತಿ ಇದೇ ನಡೆಯುತ್ತಿರುತ್ತದೆ.

ಸತ್ತ ಸುಣ್ಣ ತೂಕದಲ್ಲಿ ಸಿಕ್ಕಿಬೀಳುವುದಿಲ್ಲ. 74 ಕಿಲೋ ಸುಣ್ಣ ಪೂರ್ತಿ ಕಲ್ಲಾದರೆ 100 ಕಿಲೋ ಆಗುತ್ತದೆ, ಅಂದರೆ ಸತ್ತಷ್ಟೂ ಭಾರ. 25 ಕಿಲೋ ಚೀಲ 26 ತೂಗಿದರೆ ಖುಷಿಪಡುವ ವಿಷಯವಲ್ಲ. ಕೈಯಲ್ಲಿ ಹಿಡಿದರೆ ಒಳ್ಳೆಯ ಸುಣ್ಣ ಮೈದಾಹಿಟ್ಟಿನಂತೆ ನುಣ್ಣಗೆ ಜಾರುತ್ತದೆ, ಕೆಟ್ಟದ್ದು ಉಂಡೆಯಾಗಿ ಮರಳು ಮರಳಾಗಿರುತ್ತದೆ (ಕೈಗವಸು ಹಾಕಿಕೊಂಡೇ ನೋಡಿ). ಒಂದು ಚಮಚ ಪುಡಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹನಿಸಿದಾಗ ಬುಸುಬುಸು ನೊರೆ ಎದ್ದರೆ ಕಾರ್ಬೊನೇಟ್ ತುಂಬಿದೆ ಎಂದರ್ಥ. ತಾಜಾ ಸುಣ್ಣ ಬಿಸಿಯಾಗುತ್ತದೆ, ನೊರೆ ತೀರ ಕಡಿಮೆ.

ಅಂಕಿ ಬೇಕಾದರೆ ಸಕ್ಕರೆ ಪರೀಕ್ಷೆ ಮಾಡಿ. ಸರಿಯಾಗಿ 1 ಗ್ರಾಂ ಪುಡಿ ತೂಗಿ ಬೂಚಿನ ಶೀಶೆಗೆ ಹಾಕಿ. 100 ಮಿ.ಲೀ ನೀರಿನಲ್ಲಿ 40 ಗ್ರಾಂ ಸಕ್ಕರೆ ಕರಗಿಸಿ ಸೇರಿಸಿ, ಬೂಚು ಹಾಕಿ 15 ನಿಮಿಷ ಕುಲುಕಿ. ಸಕ್ಕರೆ ಜೀವಂತ ಸುಣ್ಣವನ್ನು ಹಿಡಿದು ಕರಗಿಸುತ್ತದೆ, ಸತ್ತ ಕಾರ್ಬೊನೇಟನ್ನು ಮುಟ್ಟುವುದಿಲ್ಲ. ಕೆಲವು ಹನಿ ಫಿನಾಲ್ಫ್ಥಲೀನ್ ಹಾಕಿದರೆ ಗುಲಾಬಿ ಬಣ್ಣ. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಬ್ಯೂರೆಟ್ಟಿನಿಂದ ಬಿಡುತ್ತ ಗುಲಾಬಿ ಮೊದಲ ಬಾರಿ ಮಾಯವಾದಲ್ಲಿ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಬಣ್ಣ ಮರಳಿ ಬಂದರೆ ಅದನ್ನು ಬೆನ್ನಟ್ಟಬೇಡಿ, ಅದು ನಿಧಾನಕ್ಕೆ ಕರಗುವ ಕಾರ್ಬೊನೇಟಿನದ್ದು. ಖರ್ಚಾದ ಮಿ.ಲೀಯನ್ನು 3.7ರಿಂದ ಗುಣಿಸಿದರೆ ಸುಣ್ಣದ ಪ್ರತಿಶತ ಸಿಕ್ಕಿತು. 24 ಮಿ.ಲೀ ಆದರೆ 89, ಒಳ್ಳೆಯ ಮಾಲು. 15 ಮಿ.ಲೀ ಆದರೆ 55, ಮೇಲಿನ ಲೆಕ್ಕದಲ್ಲಿ 22 ಮಿ.ಗ್ರಾಂ ಬದಲು 34 ಹಾಕಬೇಕು, ಮಿಕ್ಕದ್ದೆಲ್ಲ ಕೆಸರು.

ಕರಾವಳಿಯಲ್ಲಿ ಸುಣ್ಣ ಇಡುವುದೇ ಒಂದು ಕೆಲಸ. ಒಳಗೆ ಪ್ಲಾಸ್ಟಿಕ್ ಪದರ ಇರುವ ಚೀಲವೇ ಆಗಬೇಕು. ನೆಲದಿಂದ ಒಂದು ಗೇಣು ಎತ್ತರದ ಮರದ ಅಟ್ಟ, ಗೋಡೆಯಿಂದ ಒಂದೂವರೆ ಅಡಿ ದೂರ. ಮೊದಲು ಬಂದದ್ದು ಮೊದಲು ಖರ್ಚಾಗಲಿ. ಮೇ ತಿಂಗಳಲ್ಲಿ ಇಡೀ ಮಳೆಗಾಲಕ್ಕೆ ತುಂಬಿಸಿಟ್ಟರೆ ಅಗ್ಗವೆನಿಸುತ್ತದೆ, ಆಗಸ್ಟಿನ ಹೊತ್ತಿಗೆ ಕೆಳಗಿನ ಚೀಲಗಳು ಸತ್ತಿರುತ್ತವೆ. ಬಾಯಿ ಬಿಚ್ಚಿದ ಚೀಲವನ್ನು ಮುಚ್ಚಳ ಬಿಗಿಯಾದ ಡ್ರಮ್ಮಿಗೆ ಸುರಿಯಿರಿ. ಇದಕ್ಕಿಂತ ಒಳ್ಳೆಯ ಉಪಾಯ ಕವಳ ಹಾಕುವ ಮನೆಯಲ್ಲೇ ಇದೆ: ಸುಣ್ಣದ ಮೇಲೆ ಯಾವತ್ತೂ ನೀರು ನಿಂತಿರಬೇಕು. ನೀರಿನಡಿಯ ಸುಣ್ಣಕ್ಕೆ ಗಾಳಿ ತಾಗುವುದಿಲ್ಲ, ಹಾಗಾಗಿ ಬಹುಕಾಲ ಕೆಡುವುದಿಲ್ಲ. ಪುಡಿಯನ್ನು ಕೆನೆಮೊಸರಿನ ಹದಕ್ಕೆ ಕಲಸಿ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ಸುಟ್ಟ ಸುಣ್ಣದ ಹರಳನ್ನು ಮಾತ್ರ ಮಳೆಗಾಲದಲ್ಲಿ ಇಟ್ಟುಕೊಳ್ಳಲೇಬೇಡಿ. ಸೋರುವ ಹೆಂಚಿನ ಕೆಳಗೆ ಅದು ತಾನಾಗಿ ಅರಳಿ, ಉಬ್ಬಿ, ಚೀಲ ಒಡೆದು, ಬರುವ ಕಾವಿಗೆ ಹತ್ತಿರದ ಗೋಣಿಗೋ ಹುಲ್ಲಿಗೋ ಬೆಂಕಿ ತಗಲಬಹುದು.

ಹಾಕುವ ವಿಧಾನ

ಸುಣ್ಣದ ಹಾಲು 5 ಪ್ರತಿಶತ ಇರಲಿ, 100 ಲೀಟರ್ ನೀರಿಗೆ 5 ಕಿಲೋ. ಹತ್ತಕ್ಕಿಂತ ಗಟ್ಟಿ ಮಾಡಿದರೆ ಸಣ್ಣ ಘಟಕದಲ್ಲಿ ಕೊಳವೆ ಕಟ್ಟುವುದು ಖಂಡಿತ. ಕಲಕುವ ಯಂತ್ರ ನಿಂತ ಗಳಿಗೆಯಿಂದ ಸುಣ್ಣ ಕೂರಲು ಶುರು. ವಿದ್ಯುತ್ ಹೋಗಿ ಬಂದ ಮೇಲೆ ಮೊದಲು ಕಲಕಿ, ಆಮೇಲೆ ನಲ್ಲಿ ತೆರೆಯಿರಿ. ಇಲ್ಲದಿದ್ದರೆ ಮೊದಲು ಬರೀ ನೀರು, ಕೊನೆಗೆ ಬರೀ ಗಟ್ಟಿ. ಪಿವಿಸಿ ಕೊಳವೆಗೆ ಮೊಣಕೈ ಮೊಣಕೈ ಕೂಡಿಸಿ ಅಂದವಾಗಿ ಓಡಿಸುವ ಬದಲು ಒಂದೇ ಉದ್ದದ ರಬ್ಬರ್ ಪೈಪ್ ಇಟ್ಟುಕೊಳ್ಳಿ. ಕಟ್ಟಿದಾಗ ಕೈಯಿಂದ ಹಿಸುಕಿದರೆ ಒಳಗಿನ ಪದರ ಒಡೆದು ಬೀಳುತ್ತದೆ. ಪಂಪ್ ಬೇಕೆಂದರೆ ಕೊಳವೆಯನ್ನೇ ಹಿಂಡುವ ಬಗೆಯದ್ದು ಒಳ್ಳೆಯದು. ಗುಂಡಿನ ವಾಲ್ವ್ ಇರುವ ಪಂಪಿನಲ್ಲಿ ಗರಸು ಸಿಕ್ಕಿ ಗುಂಡು ಕೂರುವುದಿಲ್ಲ, ಪಂಪ್ ಓಡುತ್ತಿರುತ್ತದೆ, ಸುಣ್ಣ ಹೋಗುತ್ತಿರುವುದಿಲ್ಲ.

ಕರೆ ಹೆಚ್ಚು ಕಟ್ಟುವುದು ಸುಣ್ಣದ ಹಾಲು ಹೊಳೆ ನೀರಿಗೆ ಬೀಳುವ ತುದಿಯಲ್ಲಿ. ಅಲ್ಲಿ ನೀರಿನ ಬೈಕಾರ್ಬೊನೇಟ್ ಮತ್ತು ಸುಣ್ಣ ಸೇರಿ ಕಲ್ಲು ಹುಟ್ಟುತ್ತದೆ. ಪೈಪಿನ ಬಾಯಿಯನ್ನು ನೀರಲ್ಲಿ ಮುಳುಗಿಸದೆ ಒಂದು ಗೇಣು ಮೇಲೆ ಹಿಡಿದರೆ ಈ ತೊಂದರೆ ಬಹುಪಾಲು ಇಲ್ಲ. ತೊಳೆಯಲು ತೆಳು ಆಮ್ಲ ಬಳಸುತ್ತೀರಾದರೆ ಆ ನೀರು ಬ್ಲೀಚಿಂಗ್ ಪೌಡರಿನ ತೊಟ್ಟಿಗೋ ಗಟಾರಕ್ಕೋ ಸೇರದಂತೆ ನೋಡಿ. ಬ್ಲೀಚಿಂಗಿಗೆ ಆಮ್ಲ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತದೆ.

ಜಾಗದ ವಿಷಯ. ಆಲಮ್ಮಿನ ಸಲುವಾಗಿ ಹಾಕುವ ಸುಣ್ಣ ಆಲಂಗಿಂತ ಮೊದಲೇ, ಸ್ವಲ್ಪ ಮೇಲಕ್ಕೆ ಬೀಳಬೇಕು. ಎರಡನ್ನೂ ಒಂದೇ ತೊಟ್ಟಿಯಲ್ಲಿ ಕಲಸಿದರೆ ಅವು ಪರಸ್ಪರವೇ ಮುಗಿಸಿಕೊಳ್ಳುತ್ತವೆ, ರಾಡಿಗೆ ಏನೂ ಉಳಿಯುವುದಿಲ್ಲ. ಫಿಲ್ಟರ್ ಆದ ಮೇಲೆ ಪಿಎಚ್ ಸರಿಪಡಿಸಲು ಸುಣ್ಣದ ಹಾಲು ಹಾಕಬಾರದು, ಶುದ್ಧವಾದ ನೀರು ಮತ್ತೆ ಮಸುಕಾಗುತ್ತದೆ. ಅಲ್ಲಿಗೆ ತಿಳಿನೀರೇ ಆಗಬೇಕು. 500 ಲೀಟರಿನ ಮುಚ್ಚಳದ ಟಾಕಿಗೆ 5 ಕಿಲೋ ಸುಣ್ಣ ಹಾಕಿ ಕಲಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಿಂದ ಒಂದು ಗೇಣು ಮೇಲಿನ ನಲ್ಲಿಯಿಂದ ತಿಳಿಯನ್ನಷ್ಟೇ ತೆಗೆಯಿರಿ. ಲೀಟರಿಗೆ 1.5 ಗ್ರಾಂ ಹಿಡಿದರೆ, ಒಂದು ಲಕ್ಷ ಲೀಟರ್ ನೀರಿಗೆ, ಲೀಟರೊಂದಕ್ಕೆ 4 ಮಿ.ಗ್ರಾಂನಂತೆ, ಬೇಕಾದ 400 ಗ್ರಾಂ ಸುಮಾರು 267 ಲೀಟರ್ ತಿಳಿನೀರಿನಲ್ಲಿರುತ್ತದೆ. ತೆಗೆದಷ್ಟು ನೀರು ತುಂಬಿ ಮತ್ತೆ ಕಲಕಿ ಬಿಡಿ. ತಳದ ಸುಣ್ಣ ಮುಗಿಯುವ ತನಕ ಬಲ ಒಂದೇ ಇರುತ್ತದೆ, ಇದೇ ತಿಳಿನೀರಿನ ದೊಡ್ಡ ಗುಣ. 85 ಪ್ರತಿಶತದ 5 ಕಿಲೋ ಲೆಕ್ಕಕ್ಕೆ ಹತ್ತು ಸಲ ಬರಬೇಕು. ಎಂಟಕ್ಕೇ ತಳ ತೊಳೆದು ಹೊಸದು ಹಾಕುವುದು ಕ್ಷೇಮ. ತಿಳಿನೀರಿನ ಪಿಎಚ್ 12.3ರ ಹತ್ತಿರ ಇರಬೇಕು. 12ಕ್ಕೆ ಇಳಿದರೆ "ಇನ್ನೂ 12 ಇದೆಯಲ್ಲ" ಎಂದು ಸಮಾಧಾನ ಬೇಡ, ಬಲ ಅಷ್ಟರಲ್ಲಿ ಅರ್ಧದ ಆಸುಪಾಸಿಗೆ ಬಂದಿರುತ್ತದೆ.

ಕ್ಲೋರಿನ್ ಮೊದಲು, ಪಿಎಚ್ ಏರಿಸುವುದು ಆಮೇಲೆ. ಪಿಎಚ್ 7.5ರಲ್ಲಿ ಕ್ಲೋರಿನ್ನಿನ ಅರ್ಧ ಭಾಗ ಬಲವಾದ ರೂಪದಲ್ಲಿರುತ್ತದೆ, 8.5ಕ್ಕೆ ಹೋದರೆ ಹತ್ತನೇ ಒಂದು ಭಾಗ ಮಾತ್ರ. ಅರ್ಧ ಗಂಟೆ ಕ್ಲೋರಿನ್ ಕೆಲಸ ಮಾಡಲಿ, ಆಮೇಲೆ ಸುಣ್ಣದ ತಿಳಿ. ಕುಡಿಯುವ ನೀರಿನ ಮಾನಕ ಐಎಸ್ 10500 ಒಪ್ಪುವ ಪಿಎಚ್ 6.5ರಿಂದ 8.5.

ಚಿರೆಕಲ್ಲಿನ ಬಾವಿ

ಬಾವಿ ನೀರಿನ ಕಥೆ ಹೊಳೆಗಿಂತ ಬೇರೆ. ರಾಡಿ ಇಲ್ಲ, ಆದರೆ ಹುಳಿ ಗುಣ ಇರುತ್ತದೆ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತಿನ್ನುತ್ತದೆ, ತಾಮ್ರದ ಹಂಡೆಯ ಕೆಳಗೆ ಹಸಿರು ಕಲೆ ಬಿಡುತ್ತದೆ, ಕೆಲವು ಕಡೆ ಕಬ್ಬಿಣದಂಶದಿಂದ ಬಟ್ಟೆ ಕೆಂಪಾಗುತ್ತದೆ. ಕಾರಣ ಮಣ್ಣಿನೊಳಗಿನ ಬೇರು, ಕೊಳೆಯುವ ಎಲೆಗಳಿಂದ ನೀರಿಗೆ ಸೇರುವ ಇಂಗಾಲದ ಡೈಆಕ್ಸೈಡ್. ಪಿಎಚ್ 5.8, ಕ್ಷಾರೀಯತೆ 20 ಇರುವ ಬಾವಿ ನೀರಿನಲ್ಲಿ ಲೀಟರಿಗೆ 60 ಮಿ.ಗ್ರಾಂನಷ್ಟು ಡೈಆಕ್ಸೈಡ್ ಕರಗಿರುತ್ತದೆ. ಅದನ್ನೆಲ್ಲ ಸುಣ್ಣದಿಂದಲೇ ಮುಗಿಸಲು ಸುಮಾರು 50 ಮಿ.ಗ್ರಾಂ ಸುಣ್ಣ ಬೇಕು, 1 ಮಿ.ಗ್ರಾಂ ಡೈಆಕ್ಸೈಡಿಗೆ 0.84ರಂತೆ. ಅದೇ ನೀರನ್ನು ನಾಲ್ಕೈದು ತೂತಿನ ತಟ್ಟೆಗಳ ಮೇಲಿಂದ ಬೀಳಿಸಿ ಗಾಳಿಗೆ ಒಡ್ಡಿದರೆ ಡೈಆಕ್ಸೈಡ್ 10ಕ್ಕೆ ಇಳಿಯುತ್ತದೆ ಎಂದುಕೊಳ್ಳಿ, ಸುಣ್ಣದ ಒಂದು ಚಿಟಿಕೆಯೂ ಇಲ್ಲದೆ ಪಿಎಚ್ 6.6 ಆಯಿತು. ಅದಕ್ಕೆ 4 ಮಿ.ಗ್ರಾಂ ಸುಣ್ಣ ಸೇರಿಸಿದರೆ 7. ಹನ್ನೆರಡು ಪಾಲು ಕಡಿಮೆ ಸುಣ್ಣದಲ್ಲಿ ಕೆಲಸ ಮುಗಿಯಿತು. ಗ್ರಾಮ ಪಂಚಾಯಿತಿಗಳ ಸಣ್ಣ ನೀರು ಯೋಜನೆಯಲ್ಲಿ ನೀರು ಬೀಳಿಸುವ ತಟ್ಟೆಗೆ ಖರ್ಚು ಮಾಡಿದ ಹಣ ಯಾವತ್ತೂ ದಂಡವಲ್ಲ. ಕಬ್ಬಿಣ ಇರುವ ನೀರಿಗಂತೂ ಇದು ಬೇಕೇ ಬೇಕು. ಪಿಎಚ್ ಒಂದು ಅಂಕ ಏರಿದರೆ ಕಬ್ಬಿಣ ಗಾಳಿಯೊಂದಿಗೆ ಸೇರಿ ತುಕ್ಕಾಗುವ ವೇಗ ನೂರು ಪಟ್ಟು ಹೆಚ್ಚುತ್ತದೆ. 6ರಲ್ಲಿ ಫಿಲ್ಟರ್ ದಾಟಿ ಹೋಗುವ ಕಬ್ಬಿಣ 7.2ರಲ್ಲಿ ಮರಳಿನ ಮೇಲೆ ಕೂರುತ್ತದೆ.

ಮನೆ ಬಾವಿಗೆ ನೇರವಾಗಿ ಸುಣ್ಣ ಸುರಿಯುವುದನ್ನು ದಯವಿಟ್ಟು ಬಿಡಿ. 3 ಮೀಟರ್ ಅಗಲ, 2 ಮೀಟರ್ ನೀರಿನ ಬಾವಿಯಲ್ಲಿ ಸುಮಾರು 14,000 ಲೀಟರ್ ಇರುತ್ತದೆ. ಮೇಲಿನಂಥ ನೀರಿಗೆ ಮುಕ್ಕಾಲು ಕಿಲೋದ ತನಕ ಏನೂ ಆಗದಂತೆ ಕಂಡು, ಒಂದು ಕಿಲೋ ದಾಟುವಾಗ ಪಿಎಚ್ ಒಮ್ಮೆಲೇ 9ರ ಆಚೆ ಜಿಗಿಯಬಹುದು. ಮುಂದಿನ ಮಳೆಗೆ ಹೊಸ ಹುಳಿ ನೀರು ಸೇರಿ ಮತ್ತೆ ಮೊದಲಿನಂತೆ. ಸುಣ್ಣ ಹಾಕಿದರೆ ರೋಗಾಣು ಸಾಯುತ್ತವೆ ಅನ್ನುವುದೂ ಕುಡಿಯುವ ಬಾವಿಗೆ ಸುಳ್ಳು. ರೋಗಾಣು ಸಾಯುವಷ್ಟು ಸುಣ್ಣ ಹಾಕಿದ ನೀರು ಬಾಯಿಗೆ ಇಡಲಾಗದು. ಆ ಕೆಲಸಕ್ಕೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಇದೆ, 1,000 ಲೀಟರಿಗೆ 2.5 ಗ್ರಾಂ, ಈ ಬಾವಿಗೆ 35 ಗ್ರಾಂ. ಹುಳಿಗುಣ ತೆಗೆಯಲು ಸುಣ್ಣದ ಕಲ್ಲಿನ ಜಲ್ಲಿ ತುಂಬಿದ ಡ್ರಮ್ಮಿನ ಮೂಲಕ ನೀರನ್ನು ಅರ್ಧ ಗಂಟೆ ತಂಗುವಂತೆ ನಿಧಾನಕ್ಕೆ ಹಾಯಿಸಿ. ಕಲ್ಲು ನೀರಿಗೆ ಬೇಕಾದಷ್ಟೇ ಕರಗುತ್ತದೆ, ಮಿತಿ ಮೀರುವುದಿಲ್ಲ. ಕಬ್ಬಿಣವಿದ್ದರೆ ಮೊದಲು ಅದನ್ನು ತೆಗೆಯಬೇಕು, ಇಲ್ಲವಾದರೆ ಜಲ್ಲಿಗೆ ತುಕ್ಕಿನ ಕವಚ ಬಂದು ಕರಗುವುದೇ ನಿಲ್ಲುತ್ತದೆ. ಇನ್ನು ಬೇಸಿಗೆಯಲ್ಲಿ ಸಮುದ್ರದ ಉಪ್ಪು ಹತ್ತಿದ ಬಾವಿಗೆ ಸುಣ್ಣ ಯಾವ ರೀತಿಯಲ್ಲೂ ಮದ್ದಲ್ಲ. ಉಪ್ಪನ್ನು ಅದು ಮುಟ್ಟುವುದೇ ಇಲ್ಲ.

ಕಾರ್ಖಾನೆಯ ಕಡೆ

ಕ್ಷಾರ ಎಂದರೆ ಸುಣ್ಣವೊಂದೇ ಅಲ್ಲ. ಕಾರವಾರದ ಬಿಣಗಾದಲ್ಲಿ ತಯಾರಾಗುವ ಕಾಸ್ಟಿಕ್ ಸೋಡಾ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಪಡೆಯುವಂಥದ್ದು, ಒಂದು ಟನ್ನಿನ ಜೊತೆ ಸುಮಾರು 0.89 ಟನ್ ಕ್ಲೋರಿನ್ನೂ ಹುಟ್ಟುತ್ತದೆ. ದ್ರವವಾಗಿ ಬರುವ 48 ಪ್ರತಿಶತದ ಕಾಸ್ಟಿಕ್‌ನಲ್ಲಿ ಲೀಟರಿಗೆ 720 ಗ್ರಾಂ ಹತ್ತಿರ ಸೋಡಾ. ಕರಗುವ ರಗಳೆ ಇಲ್ಲ, ಕೆಸರಿಲ್ಲ, ಆದರೆ ಒಂದು ಹನಿ ಹೆಚ್ಚಾದರೂ ನಮ್ಮ ಮೆದು ನೀರಿನ ಪಿಎಚ್ ಗಗನಕ್ಕೆ. ತೆಳು ಮಾಡುವಾಗ ನೀರಿಗೆ ಕಾಸ್ಟಿಕ್ ಸುರಿಯಬೇಕು, ಕಾಸ್ಟಿಕ್‌ಗೆ ನೀರಲ್ಲ. 1 ಮಿ.ಗ್ರಾಂ ಕ್ಷಾರೀಯತೆಗೆ ಕಾಸ್ಟಿಕ್ 0.8, ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) 1.06, ಅಡುಗೆ ಸೋಡಾ 1.68 ಮಿ.ಗ್ರಾಂ ಬೇಕು. ಅಡುಗೆ ಸೋಡಾ ದುಬಾರಿ ಹೌದು, ಆದರೆ ಎಷ್ಟು ಹಾಕಿದರೂ ಪಿಎಚ್ ಸುಮಾರು 8.3 ದಾಟಿಸುವುದಿಲ್ಲ. ದಿನವಿಡೀ ನೋಡಿಕೊಳ್ಳುವವರಿಲ್ಲದ ಸಣ್ಣ ಯೋಜನೆಗೆ ಸುಣ್ಣಕ್ಕಿಂತ ಸೋಡಾ ಆ್ಯಶ್ ಅಥವಾ ಕಲ್ಲಿನ ಜಲ್ಲಿಯೇ ಮೇಲು ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಕಾಸ್ಟಿಕ್ಕನ್ನು ಸುಣ್ಣದಿಂದಲೂ ಹುಟ್ಟಿಸಬಹುದು. ದಾಂಡೇಲಿಯಂಥ ಕ್ರಾಫ್ಟ್ ಕಾಗದ ಕಾರ್ಖಾನೆಯಲ್ಲಿ ಮರ ಬೇಯಿಸಿದ ಕಪ್ಪು ದ್ರವವನ್ನು ಸುಟ್ಟು ಉಳಿದ ಸೋಡಾ ಆ್ಯಶ್‌ಗೆ ಸುಣ್ಣ ಸೇರಿಸಿದರೆ ಕಾಸ್ಟಿಕ್ ಮರಳಿ ಬರುತ್ತದೆ, ತಳಕ್ಕೆ ಸುಣ್ಣದ ಕಲ್ಲಿನ ಕೆಸರು ಕೂರುತ್ತದೆ. ಆ ಕೆಸರನ್ನು ಗೂಡಿನಲ್ಲಿ ಸುಟ್ಟರೆ ಮತ್ತೆ ಸುಣ್ಣ. ಬಾಯ್ಲರಿಗೆ, ಉದಾಹರಣೆಗೆ ಗೇರುಬೀಜ ಬೇಯಿಸುವ ಉಗಿಯ ಬಾಯ್ಲರಿಗೆ, ಸುಣ್ಣ ಸಲ್ಲದು, ಒಳಗೆ ಕರೆ ಕಟ್ಟುತ್ತದೆ. ಅಲ್ಲಿ ಕಾಸ್ಟಿಕ್ ಇಲ್ಲವೆ ಫಾಸ್ಫೇಟ್.

ಲೋಹದ ಲೇಪನ ಮಾಡುವಲ್ಲಿನ ಕೊಳೆನೀರಿಗೆ ಸುಣ್ಣ ಚೆನ್ನಾಗಿ ಒದಗುತ್ತದೆ. ತಾಮ್ರ 8ರಿಂದ 9ರ ಪಿಎಚ್‌ನಲ್ಲಿ, ಸತು 9ರಿಂದ 10ರಲ್ಲಿ, ನಿಕ್ಕಲ್ 10 ದಾಟಿದ ಮೇಲೆ ಕೆಸರಾಗಿ ಇಳಿಯುತ್ತವೆ. ಹಳದಿ ಬಣ್ಣದ ಆರು ವೇಲೆನ್ಸಿಯ ಕ್ರೋಮಿಯಂ ಮಾತ್ರ ಎಷ್ಟು ಸುಣ್ಣ ಹಾಕಿದರೂ ಇಳಿಯದು, ಮೊದಲು ಅದನ್ನು ಮೂರಕ್ಕೆ ಇಳಿಸಬೇಕು. ಸಲ್ಫ್ಯೂರಿಕ್ ಆಮ್ಲದ ನೀರಿಗೆ ಸುಣ್ಣ ಹಾಕಿದರೆ ಜಿಪ್ಸಂ ಹುಟ್ಟಿ ಕೊಳವೆಯಲ್ಲಿ ಕಟ್ಟುತ್ತದೆ, ಅದಕ್ಕೆ ತಯಾರಿರಿ.

ಸಿಗಡಿ ಹೊಂಡದವರಿಗೆ ಒಂದು ಮಾತು. ಬೆಳೆ ತೆಗೆದು ಒಣಗಿಸಿದ ತಳಕ್ಕೆ ಅರಳಿದ ಸುಣ್ಣ ಸರಿ. ಮರಿ ಬಿಟ್ಟ ನೀರಿಗೆ ಅದು ಬೇಡ, ಕಲ್ಲಿನ ಪುಡಿ ಇಲ್ಲವೆ ಡಾಲೊಮೈಟ್ ಹಾಕಿ. 25 ಡಿಗ್ರಿಯಲ್ಲಿ ಪಿಎಚ್ 8.25 ಇದ್ದಾಗ ಒಟ್ಟು ಅಮೋನಿಯದ ಹತ್ತು ಪಾಲಿನಲ್ಲಿ ಒಂದು ಪಾಲು ವಿಷದ ರೂಪದಲ್ಲಿರುತ್ತದೆ, 9.25ಕ್ಕೆ ಏರಿದರೆ ಅರ್ಧಕ್ಕರ್ಧ. ಸಿಗಡಿ ಸಾಯುವುದು ಸುಣ್ಣದಿಂದ ಎಂದು ಯಾರಿಗೂ ಹೊಳೆಯುವುದಿಲ್ಲ.

ಶಿರಸಿ ಕಡೆ ಇದೇ ಚೀಲ ಅಡಿಕೆಯ ಕೊಳೆ ಔಷಧಿಗೂ ಹೋಗುತ್ತದೆ. 1 ಪ್ರತಿಶತದ ಬೋರ್ಡೋ ದ್ರಾವಣಕ್ಕೆ (ಅದೇ ಆ ಔಷಧಿ) 1 ಕಿಲೋ ಮೈಲುತುತ್ತ 50 ಲೀಟರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲೇ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯುವುದು. ತಾಮ್ರವನ್ನು ಹಿಡಿದಿಡಲು ರಾಸಾಯನಿಕ ಲೆಕ್ಕದಲ್ಲಿ ಸುಮಾರು 300 ಗ್ರಾಂ ಶುದ್ಧ ಸುಣ್ಣ ಸಾಕು, ಮಿಕ್ಕದ್ದು ಸುರಕ್ಷತೆಗೆ. ಚೀಲ ಪೂರ್ತಿ ಸತ್ತಿದ್ದರೆ ಆ ಒಂದು ಕಿಲೋದಲ್ಲಿ 300 ಗ್ರಾಂ ಕೂಡ ಇರುವುದಿಲ್ಲ. ಆಗ ಉಳಿದ ತಾಮ್ರ ಎಳೆ ಕಾಯಿಯನ್ನೇ ಸುಡುತ್ತದೆ. ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ, ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ಕಲಸಿದ್ದು ಆ ದಿನವೇ ಖರ್ಚಾಗಬೇಕು.

ಸುಣ್ಣ ಮುಟ್ಟುವವರ ಕಣ್ಣಿಗೆ ಸುತ್ತ ಮುಚ್ಚಿದ ಕನ್ನಡಕ ಕಡ್ಡಾಯ. ಬೆವರಿದ ಕುತ್ತಿಗೆ, ಕಂಕುಳು, ಬೂಟಿನೊಳಗೆ ಪುಡಿ ಸೇರಿದರೆ ಸಂಜೆಗೆ ಹುಣ್ಣು. ಕಣ್ಣಿಗೆ ಬಿದ್ದರೆ ರೆಪ್ಪೆ ತೆರೆದು ಹಿಡಿದು 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ರೆಪ್ಪೆಯಡಿ ಸಿಕ್ಕ ಕಣ ತೆಗೆಯಬೇಕು, ಆಮೇಲೆ ಆಸ್ಪತ್ರೆ. ಆಮ್ಲಕ್ಕಿಂತ ಕ್ಷಾರ ಕಣ್ಣಿನೊಳಗೆ ಆಳಕ್ಕೆ ಇಳಿಯುತ್ತದೆ. ಹುಳಿ ಹಿಂಡಿ ಸರಿಮಾಡುವ ಪ್ರಯತ್ನ ಬೇಡವೇ ಬೇಡ. ಕವಳದ ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಕೊಡಬೇಡಿ, ಹಿಸುಕಿದಾಗ ಚಿಮ್ಮಿ ನೇರ ಕಣ್ಣಿಗೆ ಬಿದ್ದು ದೃಷ್ಟಿ ಹೋದ ಮಕ್ಕಳಿದ್ದಾರೆ.

ತಿಳಿನೀರಿನ ಟಾಕಿಯ ತಳದಲ್ಲಿ ಉಳಿಯುವ ಬಿಳಿ ಕೆಸರನ್ನು ಹೊಳೆಗೆ ಬಿಡಬೇಡಿ. ಒಣಗಿಸಿ ಪುಡಿಮಾಡಿದರೆ ಹುಳಿ ಮಣ್ಣಿನ ತೋಟಕ್ಕೆ ಆಗುತ್ತದೆ, ಮಣ್ಣು ಪರೀಕ್ಷೆಯ ಪಿಎಚ್ ನೋಡಿಕೊಂಡು ತೆಳ್ಳಗೆ ಹರಡಿ. ಆಲಮ್ಮಿನ ಕೆಸರು, ಲೋಹದ ಕೊಳೆನೀರಿನ ಕೆಸರು ಇದರ ಜೊತೆ ಸೇರದಂತೆ ಬೇರೆ ಹೊಂಡವೇ ಇರಲಿ.